ಚಾರ್ಜರ್‌ಗೆ ಮೊದಲು ಪೈಪ್: ಮಲೆನಾಡಿನ ಊರುಗಳಲ್ಲಿ ರಸ್ತೆಬದಿ ಇ.ವಿ. ಚಾರ್ಜಿಂಗ್

ಶಿವಮೊಗ್ಗದ ಗಾಂಧಿಬಜಾರ್, ದುರ್ಗಿಗುಡಿ ಕಡೆಯ ಹಳೆಯ ಓಣಿಗಳಲ್ಲಿ ಎಷ್ಟೋ ಮನೆಗಳ ಮೆಟ್ಟಿಲಿಳಿದರೆ ಚರಂಡಿ, ಚರಂಡಿ ದಾಟಿದರೆ ರಸ್ತೆ. ಗಾಡಿ ಒಳಗೆ ನಿಲ್ಲಿಸಲು ಕಾಂಪೌಂಡ್ ಇಲ್ಲ. ಇಂಥ ಮನೆಗೆ ಎಲೆಕ್ಟ್ರಿಕ್ ಸ್ಕೂಟರ್ ಬಂದರೆ ಕಿಟಕಿಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಇಳಿಬಿಟ್ಟು, ಚಪ್ಪಡಿ ಮೇಲೆ ವೈರ್ ಹಾಯಿಸಿ ರಾತ್ರಿಯಿಡೀ ಚಾರ್ಜಿಗೆ ಹಾಕುವುದೇ ದಾರಿ. ಜಡಿಮಳೆಯಲ್ಲೂ ಅಷ್ಟೇ. ವೈರಿನ ಇನ್ಸುಲೇಷನ್ ಎಲ್ಲೋ ಒಂದು ಕಡೆ ಸವೆದಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಮನೆಯವರಿಗೆ ನೋಟಿಸ್ ಕೊಟ್ಟರೆ ಇದು ನಿಲ್ಲದು. ಓಣಿಯ ಬಾಯಲ್ಲಿ ಸುರಕ್ಷಿತವಾದ ಚಾರ್ಜಿಂಗ್ ಪಾಯಿಂಟ್ ಇದ್ದರೆ ತಾನಾಗಿ ನಿಲ್ಲುತ್ತದೆ.

ಅದನ್ನು ಕೂರಿಸುವ ಹೊಣೆ ಪಾಲಿಕೆ, ನಗರಸಭೆ, ಪಟ್ಟಣ ಪಂಚಾಯಿತಿಗಳದ್ದು. ಆದರೆ ವಿಷಯ ಸಭೆಗೆ ಬಂದ ಕೂಡಲೇ ಮಾತು 60 ಕಿಲೋವಾಟ್‌ನ ಫಾಸ್ಟ್ ಚಾರ್ಜರ್ ಕಡೆಗೆ ಹೊರಳುತ್ತದೆ. ಸಾಗರ, ಜೋಗದ ಕಡೆ ಹೋಗುವ ಕಾರುಗಳಿಗೆ ಹೆದ್ದಾರಿಯಲ್ಲಿ ಅದು ಬೇಕು, ನಿಜ. ಓಣಿಗೆ ಬೇಡ. ನಮ್ಮ ಊರುಗಳ ರಸ್ತೆಬದಿಯಲ್ಲಿ ರಾತ್ರಿ ನಿಲ್ಲುವುದು ಹೆಚ್ಚಾಗಿ ಸ್ಕೂಟರ್ ಮತ್ತು ಆಟೋ. ಸ್ಕೂಟರಿನ ಬ್ಯಾಟರಿ ಸುಮಾರು 3 ಯೂನಿಟ್ ಹಿಡಿಯುತ್ತದೆ, ಅದರ ಜತೆ ಬರುವ ಚಾರ್ಜರ್ ಮುಕ್ಕಾಲು ಕಿಲೋವಾಟ್ ಆಸುಪಾಸು ಎಳೆಯುತ್ತದೆ. ನಾಲ್ಕೈದು ಗಂಟೆ ಸಾಕು. ಎಲೆಕ್ಟ್ರಿಕ್ ಆಟೋಗೆ 7ರಿಂದ 10 ಯೂನಿಟ್. ಎರಡಕ್ಕೂ 230 ವೋಲ್ಟ್, 16 ಆಂಪಿಯರ್, 3.3 ಕಿಲೋವಾಟ್‌ನ ಸಣ್ಣ ಎ.ಸಿ. (ಮನೆಗೆ ಬರುವಂಥದ್ದೇ ಕರೆಂಟಿನ) ಪಾಯಿಂಟ್ ಧಾರಾಳ. ಇದಕ್ಕೆಂದೇ ಭಾರತೀಯ ಮಾನಕ ಬ್ಯೂರೋ 2021ರಲ್ಲಿ ಐ.ಎಸ್. 17017 ಸರಣಿಯಲ್ಲಿ ಲಘು ವಾಹನಗಳ ಎ.ಸಿ. ಚಾರ್ಜ್ ಪಾಯಿಂಟ್ ಮಾನದಂಡ ತಂದಿತು. ಆಗ ಇಟ್ಟುಕೊಂಡ ಗುರಿ ಬೆಲೆ ಒಂದು ಪಾಯಿಂಟಿಗೆ 3,500 ರೂಪಾಯಿ ಆಸುಪಾಸು. ಫೋನಿನ ಜತೆ ಬ್ಲೂಟೂತ್‌ನಲ್ಲಿ ಮಾತಾಡುವುದರಿಂದ ಪಾಯಿಂಟಿನೊಳಗೆ ಸಿಮ್ ಬೇಕಿಲ್ಲ. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರ್ ಕೂಡ ಸಾಯುವ ಹೊಸನಗರ, ಆಗುಂಬೆ ಕಡೆ ಇದು ದೊಡ್ಡ ಅನುಕೂಲ.

ಹಾಗಾದರೆ ದುಡ್ಡು ಹೋಗುವುದು ಎಲ್ಲಿಗೆ? ಅಗೆತಕ್ಕೆ, ಕೇಬಲ್‌ಗೆ, ರಸ್ತೆ ಮುಚ್ಚಿ ಮೊದಲಿನಂತೆ ಮಾಡುವುದಕ್ಕೆ. ಆದ್ದರಿಂದ ಚಾರ್ಜರ್ ಟೆಂಡರ್ ಇನ್ನೂ ದೂರವಿದ್ದರೂ ಸ್ಥಳೀಯ ಸಂಸ್ಥೆ ಇವತ್ತೇ ತರಬಹುದಾದ ನಿಯಮ ಒಂದಿದೆ: ಯುಜಿಡಿಗೋ (ಒಳಚರಂಡಿ) ನೀರಿನ ಪೈಪಿಗೋ ಫುಟ್‌ಪಾತಿಗೋ ಯಾವ ಕಾರಣಕ್ಕೆ ರಸ್ತೆಬದಿ ಅಗೆದರೂ, ಮುಚ್ಚುವ ಮುನ್ನ ಒಂದು ಖಾಲಿ ಡಕ್ಟ್ (ಮುಂದೆ ಕೇಬಲ್ ಹಾಯಿಸುವ ಪೈಪ್) ಹಾಕಲೇಬೇಕು. 110 ಮಿ.ಮೀ. ಹೊರವ್ಯಾಸದ ಡಿಡಬ್ಲ್ಯೂಸಿ (ಎರಡು ಪದರದ, ಹೊರಗೆ ಸುಕ್ಕುಸುಕ್ಕಾದ ಪ್ಲಾಸ್ಟಿಕ್) ಪೈಪ್ ಸಾಕು. ಎಲ್.ಟಿ. (ಕಡಿಮೆ ವೋಲ್ಟೇಜಿನ) ಕೇಬಲ್‌ಗೆ 75 ಸೆಂ.ಮೀ. ಆಳ, ರಸ್ತೆ ದಾಟುವಲ್ಲಿ 1 ಮೀಟರ್. ಕೆಳಗೆ ಮರಳು, ಮೇಲೆ ಎಚ್ಚರಿಕೆಯ ಟೇಪ್, ಒಳಗೆ ಮುಂದೆ ಕೇಬಲ್ ಎಳೆಯಲು ನೈಲಾನ್ ಹಗ್ಗ. ಪ್ರತಿ 30 ಮೀಟರಿಗೊಂದು ಚೇಂಬರ್ ಕಟ್ಟಿ, ತಳಕ್ಕೆ ಕಾಂಕ್ರೀಟ್ ಹಾಕದೆ ಜಲ್ಲಿ ತುಂಬಿ, ನೀರು ಇಂಗಲಿ. ಪೈಪಿನ ಎರಡೂ ತುದಿಗೆ ಕ್ಯಾಪ್ ಹಾಕುವುದನ್ನು ಮರೆತರೆ ಒಂದೇ ಮಳೆಗಾಲದಲ್ಲಿ ಕೆಸರು ತುಂಬಿ, ಇಲಿ ಹಗ್ಗ ಕಡಿದು, ಹಾಕಿದ್ದು ದಂಡವಾಗುತ್ತದೆ. ಡಕ್ಟ್ ಎಲ್ಲಿದೆ ಎಂಬ ನಕ್ಷೆ ಗುತ್ತಿಗೆದಾರನ ಬಿಲ್ಲಿನ ಜತೆಗೇ ಬರಬೇಕು. ನಕ್ಷೆ ಬಾರದೆ ಬಿಲ್ ಪಾಸ್ ಮಾಡಬೇಡಿ, ಆಮೇಲೆ ಅದನ್ನು ಯಾರೂ ಹುಡುಕಿಕೊಡುವುದಿಲ್ಲ.

ಇನ್ನು ಕರೆಂಟ್. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳು ವಿದ್ಯುತ್ ಪೂರೈಸುವ ಮೆಸ್ಕಾಂ ಕಂಪನಿಯ ವ್ಯಾಪ್ತಿಯವು. ಸೆಕ್ಷನ್ ಆಫೀಸಿಗೆ ಪತ್ರ ಬರೆದು ಕಾಯುವ ಬದಲು, ಪಾಲಿಕೆಯ ಎಂಜಿನಿಯರ್ ಮತ್ತು ಅಲ್ಲಿನ ಜೆ.ಇ. (ಕಿರಿಯ ಎಂಜಿನಿಯರ್) ಒಟ್ಟಿಗೆ ಓಣಿಯ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಹತ್ತಿರ ಹೋಗಿ, ತಂತಿಯಲ್ಲಿ ಹರಿಯುವ ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಿಡಿಯುವುದು ಒಳ್ಳೆಯದು. ಏಪ್ರಿಲ್‌ನಲ್ಲಿ, ರಾತ್ರಿ 7ರಿಂದ 10ರೊಳಗೆ. ಫ್ಯಾನ್, ಪಂಪು, ಮಿಕ್ಸಿ ಎಲ್ಲ ಓಡುವ ಹೊತ್ತು ಅದು. 100 ಕೆ.ವಿ.ಎ. ಟಿ.ಸಿ. ಪೂರ್ತಿ ಲೋಡಿನಲ್ಲಿ ಆರ್, ವೈ, ಬಿ ಎಂಬ ಮೂರು ಫೇಸುಗಳಲ್ಲಿ (ಕರೆಂಟಿನ ತಂತಿಗಳಲ್ಲಿ) ಒಂದೊಂದಕ್ಕೆ ಸುಮಾರು 133 ಆಂಪಿಯರ್ ಕೊಡುತ್ತದೆ. ಶೇ. 80ಕ್ಕೆ ನಿಲ್ಲಿಸೋಣ ಎಂದರೆ 106. ಆರ್ ಫೇಸಿನಲ್ಲಿ 95, ವೈನಲ್ಲಿ 60, ಬಿಯಲ್ಲಿ 112 ಸಿಕ್ಕಿತು ಎನ್ನಿ. ಸರಾಸರಿ ತೆಗೆದರೆ ಜಾಗವಿದೆ ಅನಿಸುತ್ತದೆ, ಆದರೆ ಬಿ ಫೇಸ್ ಆಗಲೇ ಮಿತಿ ದಾಟಿದೆ. ಮೊದಲು ಮನೆಗಳ ಲೋಡ್ ಸರಿಹಂಚಿ, ಹೊಸ ಪಾಯಿಂಟುಗಳನ್ನು ವೈ ಫೇಸಿಗೆ ಹೆಚ್ಚು ಕೊಡಬೇಕು. ಇದನ್ನು ನೋಡದೆ ಎಲ್ಲ ಪಾಯಿಂಟುಗಳನ್ನೂ ಹತ್ತಿರದ ಕಂಬದ ಯಾವುದೋ ಒಂದು ವೈರಿಗೆ ಕಟ್ಟಿದರೆ ಫ್ಯೂಸ್ ಹೋಗುವುದು ಮದುವೆ, ಹಬ್ಬದ ರಾತ್ರಿಯೇ.

ಹನ್ನೆರಡು ಪಾಯಿಂಟ್ ಹಾಕಿದರೆ ಫಲಕದಲ್ಲಿ ಬರೆದ ಸಾಮರ್ಥ್ಯದ ಲೆಕ್ಕದಲ್ಲಿ 39.6 ಕಿಲೋವಾಟ್. ನಿಜದಲ್ಲಿ ಎಂಟು ಸ್ಕೂಟರ್, ನಾಲ್ಕು ಆಟೋ ಒಟ್ಟಿಗೆ ನಿಂತರೂ 15ರ ಆಸುಪಾಸು. ಪೂರ್ತಿ 40 ಕಿಲೋವಾಟ್ ಮಂಜೂರು ಮಾಡಿಸಿಕೊಂಡರೆ ಬಳಸದ ಲೋಡಿಗೂ ತಿಂಗಳು ತಿಂಗಳು ನಿಗದಿತ ಶುಲ್ಕ ಕಟ್ಟುತ್ತಿರಬೇಕು. ಒಟ್ಟು ಎಳೆತಕ್ಕೆ ಮಿತಿ ಹಾಕುವ ಲೋಡ್ ನಿಯಂತ್ರಕವನ್ನು ಟೆಂಡರಿನಲ್ಲೇ ಕೇಳಿ, 20 ಕಿಲೋವಾಟ್‌ಗೆ ಅರ್ಜಿ ಹಾಕುವುದು ಜಾಣತನ. ಅದೇ ನಿಯಂತ್ರಕ ಇನ್ನೊಂದು ಕೆಲಸವನ್ನೂ ಮಾಡಬೇಕು. ಮಳೆಗಾಲದಲ್ಲಿ ಮರ ಬಿದ್ದು ಗಂಟೆಗಟ್ಟಲೆ ಹೋದ ಕರೆಂಟ್ ವಾಪಸ್ ಬಂದಾಗ ಎಲ್ಲ ಗಾಡಿಗಳೂ ಒಂದೇ ಕ್ಷಣಕ್ಕೆ ಎಳೆಯಲು ಶುರುಮಾಡಬಾರದು. ಒಂದೊಂದು ಪಾಯಿಂಟ್ ಒಂದೆರಡು ನಿಮಿಷದ ಅಂತರದಲ್ಲಿ ಎದ್ದರೆ ಟಿ.ಸಿ. ಉಳಿಯುತ್ತದೆ. ಹಾಗೆಯೇ ಫೋನ್ ಮುಟ್ಟದೆ ಚಾರ್ಜಿಂಗ್ ತಾನಾಗಿ ಮುಂದುವರಿಯಬೇಕು. ಇಲ್ಲದಿದ್ದರೆ ಬೆಳಿಗ್ಗೆ ಆಟೋದವರು ಅರ್ಧ ಬ್ಯಾಟರಿಯಲ್ಲಿ ಬಾಡಿಗೆಗೆ ಹೊರಡಬೇಕಾಗುತ್ತದೆ.

ಬೀದಿದೀಪದ ಕಂಬಕ್ಕೇ ಸಾಕೆಟ್ ಕೂರಿಸೋಣ ಎಂಬ ಸಲಹೆ ಪದೇ ಪದೇ ಬರುತ್ತದೆ. ಲಂಡನ್‌ನಲ್ಲಿ ಸಾವಿರಾರು ಕಂಬಗಳಲ್ಲಿ ಹಾಗೆ ಮಾಡಿದ್ದಾರೆ. ಅಲ್ಲಿ ಕಂಬಕ್ಕೆ ಹಗಲೂ ರಾತ್ರಿ ಕರೆಂಟ್ ಇರುತ್ತದೆ, ಬೆಳಕು ನೋಡಿ ಹತ್ತಿ ಆರುವುದು ದೀಪ ಮಾತ್ರ. ನಮ್ಮಲ್ಲಿ ಟೈಮರ್ ಇಡೀ ಸಾಲಿನ ಫೇಸನ್ನೇ ಕಡಿಯುತ್ತದೆ. ಹಗಲು ಆ ತಂತಿಯಲ್ಲಿ ಕರೆಂಟೇ ಇರುವುದಿಲ್ಲ, ಮೇಲಾಗಿ ಅದು ಬೀದಿದೀಪದ ದರದ ಮೀಟರ್. ಎಲ್.ಇ.ಡಿ. ಹಾಕಿ ಲೋಡ್ ಉಳಿಸಿದ್ದೇವಲ್ಲ ಎಂಬ ವಾದವೂ ಲೆಕ್ಕಕ್ಕೆ ನಿಲ್ಲದು: 150 ವಾಟಿನ 40 ಸೋಡಿಯಂ ದೀಪಗಳನ್ನು 70 ವಾಟಿನ ಎಲ್.ಇ.ಡಿ. ಮಾಡಿದರೆ ಉಳಿಯುವುದು 3.2 ಕಿಲೋವಾಟ್, ಅಂದರೆ ಒಂದೇ ಒಂದು ಪಾಯಿಂಟಿನಷ್ಟು. ಕಂಬವನ್ನು ಆಸರೆಗೆ ಬಳಸಿಕೊಳ್ಳಿ, ತಂತಿಯನ್ನಲ್ಲ. ಪಾಯಿಂಟುಗಳಿಗೆ ಪ್ರತ್ಯೇಕ ಕೇಬಲ್, ಪ್ರತ್ಯೇಕ ಆರ್.ಆರ್. ನಂಬರ್ ಬೇಕು. ಎಲ್.ಟಿ.-6 ವರ್ಗದಲ್ಲಿ ಇ.ವಿ. ಚಾರ್ಜಿಂಗ್‌ಗೆ ಬೇರೆಯೇ ಉಪವರ್ಗವಿದೆ. ಅದನ್ನು ಹೆಸರಿಸಿ ಅರ್ಜಿ ಹಾಕದಿದ್ದರೆ ವಾಣಿಜ್ಯ ದರ ಬೀಳುವ ಸಂಭವವಿದೆ.

ಕೇಬಲಿನ ದಪ್ಪದಲ್ಲಿ ಉಳಿತಾಯ ಮಾಡಲು ಹೋಗಬಾರದು. ಮುಂದೆ ಕಾರಿಗೆಂದು 7.4 ಕಿಲೋವಾಟ್ ಪಾಯಿಂಟ್ ಬರಬಹುದು, ಅದು 32 ಆಂಪಿಯರ್ ಎಳೆಯುತ್ತದೆ. 50 ಮೀಟರ್ ದೂರಕ್ಕೆ 6 ಚದರ ಮಿ.ಮೀ. ತಾಮ್ರದ ಕೇಬಲ್ ಹಾಕಿದರೆ ಸುಮಾರು 12 ವೋಲ್ಟ್ ದಾರಿಯಲ್ಲೇ ಕರಗುತ್ತದೆ, 10 ಚದರ ಮಿ.ಮೀ. ಹಾಕಿದರೆ 7. ಊರಂಚಿನಲ್ಲಿ, ಉದ್ದನೆಯ ಫೀಡರಿನ ತುದಿಯಲ್ಲಿ ಸಂಜೆ ವೋಲ್ಟೇಜ್ ಮೊದಲೇ ಕುಗ್ಗಿರುವಾಗ ಈ 5 ವೋಲ್ಟೇ ಚಾರ್ಜರ್ ಕೆಲಸ ಮಾಡುತ್ತದೋ ನಿಲ್ಲುತ್ತದೋ ಎಂಬುದನ್ನು ತೀರ್ಮಾನಿಸಬಹುದು.

ಮಲೆನಾಡಿನಲ್ಲಿ ಎಸ್ಟಿಮೇಟ್ ಬರೆಯುವಾಗ ಹೆಚ್ಚು ಗಮನ ಬೇಡುವುದು ಅರ್ಥಿಂಗ್. ಬಯಲುಸೀಮೆಯ ಎರೆಮಣ್ಣಿನಲ್ಲಿ ಸಲೀಸಾಗಿ ಸಿಗುವ ಅರ್ಥ್ ಇಲ್ಲಿನ ಜಂಬಿಟ್ಟಿಗೆ ನೆಲದಲ್ಲಿ ಸಿಗುವುದಿಲ್ಲ. ಮಳೆಗಾಲದಲ್ಲಿ ನೆಲ ನೆನೆದಿರುವಾಗ ಅಳೆದರೆ ಚೆನ್ನಾಗಿಯೇ ತೋರಿಸುತ್ತದೆ. ಮಾರ್ಚ್ ಹೊತ್ತಿಗೆ ನೆಲ ಒಣಗಿ ಅದೇ ಅರ್ಥ್ ಕಡ್ಡಿಯ ಪ್ರತಿರೋಧ ಹಲವು ಪಟ್ಟು ಏರಿರುತ್ತದೆ. ಹಾಗಾಗಿ ಪರೀಕ್ಷೆಯ ವರದಿ ಬೇಸಿಗೆಯದ್ದೇ ಆಗಿರಬೇಕು ಎಂದು ಕರಾರಿನಲ್ಲಿ ಬರೆಯಿರಿ. 2.5 ಮೀಟರಿನ ಪೈಪ್ ಸಾಲದಿದ್ದಲ್ಲಿ ಬೋರ್ ಕೊರೆದು ಆಳಕ್ಕೆ ಇಳಿಸಿ ಬೆಂಟೊನೈಟ್ (ತೇವ ಹಿಡಿಯುವ ಜೇಡಿಮಣ್ಣು) ತುಂಬಬೇಕು, ಇಲ್ಲವೇ ಎರಡು ಮೂರು ಕಡ್ಡಿಗಳನ್ನು ಅವುಗಳ ಉದ್ದಕ್ಕಿಂತ ಕಡಿಮೆಯಿಲ್ಲದ ಅಂತರದಲ್ಲಿ ನೆಟ್ಟು ಜೋಡಿಸಬೇಕು. ಉಪ್ಪು ಸುರಿಯುವುದು ಒಂದೆರಡು ಮಳೆಗಾಲದ ಮಾತು, ಇಲ್ಲಿನ ಮಳೆ ಅದನ್ನು ತೊಳೆದುಬಿಡುತ್ತದೆ.

ಅರ್ಥ್ ಎಷ್ಟೇ ಚೆನ್ನಾಗಿದ್ದರೂ ಜೀವ ಉಳಿಸುವುದು ಆರ್.ಸಿ.ಡಿ. (ಕರೆಂಟ್ ಸೋರಿದ ಕೂಡಲೇ ತಾನಾಗಿ ಕಡಿಯುವ ಸ್ವಿಚ್). ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಪ್ರತಿ ಪಾಯಿಂಟಿಗೂ ಪ್ರತ್ಯೇಕ ಸರ್ಕ್ಯೂಟ್ ಮತ್ತು ಆರ್.ಸಿ.ಡಿ. ರಕ್ಷಣೆ ಕೇಳುತ್ತವೆ. ಸಾಕೆಟ್ ನೆಲದಿಂದ ಕನಿಷ್ಠ 80 ಸೆಂ.ಮೀ. ಎತ್ತರದಲ್ಲಿರಬೇಕು, ನಿಂತ ಗಾಡಿ ಪಾಯಿಂಟಿನಿಂದ 5 ಮೀಟರಿನೊಳಗೆ ಇರಬೇಕು, ಕೇಬಲ್‌ಗೆ ಎಕ್ಸ್‌ಟೆನ್ಷನ್ ಜೋಡಿಸಬಾರದು. ಆರ್.ಸಿ.ಡಿ. 30 ಮಿಲಿಆಂಪಿಯರಿನದ್ದು, ಟೈಪ್ 'ಎ' ಆಗಿರಲಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಟೈಪ್ 'ಎಸಿ', ಬ್ಯಾಟರಿ ಚಾರ್ಜರಿನಿಂದ ಡಿ.ಸಿ. ಬೆರೆತು ಸೋರುವ ಕರೆಂಟ್ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಎಲ್ಲ ಪಾಯಿಂಟುಗಳಿಗೂ ಸೇರಿ ಒಂದೇ ಆರ್.ಸಿ.ಡಿ. ಹಾಕಿದರೆ ಮಳೆಯಲ್ಲಿ ಒಂದು ಸಾಕೆಟ್ ತೇವಗೊಂಡ ಕೂಡಲೇ ಇಡೀ ಸಾಲು ಆರಿಹೋಗುತ್ತದೆ. ಆಮೇಲೆ ಬೇಸತ್ತ ಯಾರೋ ಅದನ್ನು ಬೈಪಾಸ್ ಮಾಡುತ್ತಾರೆ, ಎಲ್ಲಕ್ಕಿಂತ ದೊಡ್ಡ ಅಪಾಯ ಅದು. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಮೀಟರ್ ಪೆಟ್ಟಿಗೆಯಲ್ಲಿ ಸರ್ಜ್ ರಕ್ಷಕ (ದಿಢೀರನೆ ಏರುವ ವೋಲ್ಟೇಜ್ ತಡೆಯುವ ಸಾಧನ) ಬೇಕೇ ಬೇಕು. ಪೆಟ್ಟಿಗೆ ದೂಳು, ನೀರು ತಡೆಯುವ ಐ.ಪಿ. 65 ದರ್ಜೆಯದ್ದಾಗಿದ್ದರೂ ಕೇಬಲ್ ಒಳಗೆ ಹೋಗುವ ಗ್ಲಾಂಡ್ ಸಡಿಲವಿದ್ದರೆ ಉಪಯೋಗವಿಲ್ಲ, ಇರುವೆ, ಹಲ್ಲಿ, ಮಂಜಿನ ಹನಿ ಎಲ್ಲ ಅಲ್ಲಿಂದಲೇ ನುಗ್ಗುವುದು. ಕೇಬಲನ್ನು ಯಾವಾಗಲೂ ತಳದಿಂದ ಒಳತರಬೇಕು.

ಜಾಗದ ಆಯ್ಕೆ ಕಚೇರಿಯಲ್ಲಿ ಕೂತು ಆಗುವ ಕೆಲಸವಲ್ಲ. ನಮ್ಮ ಬಹಳಷ್ಟು ರಸ್ತೆಗಳಲ್ಲಿ ಫುಟ್‌ಪಾತ್ ಎಂದರೆ ಚರಂಡಿಯ ಮೇಲಿನ ಚಪ್ಪಡಿಯೇ. ಅದರ ಮೇಲೆ ಪಾಯಿಂಟ್ ನಿಲ್ಲಿಸಿದರೆ ಹೂಳೆತ್ತುವ ದಿನ ಚಪ್ಪಡಿಯ ಜತೆ ಅದೂ ಏಳುತ್ತದೆ. ಚರಂಡಿಗೆ ಆಚೆ ಇಲ್ಲವೇ ಪಾರ್ಕಿಂಗ್ ಪಟ್ಟಿಯ ಮೂಲೆಯಲ್ಲಿ 45 ಸೆಂ.ಮೀ. ಚೌಕ, 60 ಸೆಂ.ಮೀ. ಆಳದ ಎಂ-20 ದರ್ಜೆಯ ಕಾಂಕ್ರೀಟ್ ಪಾಯ ಹಾಕಿ, ಅದು ಕರ್ಬಿನಿಂದ 20 ಸೆಂ.ಮೀ. ಮೇಲೇಳಲಿ, ಎದುರಿಗೆ ಕಬ್ಬಿಣದ ಗೂಟ ಇರಲಿ. ನಡೆಯುವವರಿಗೆ 1.8 ಮೀಟರ್ ತೆರವು ಬಿಡಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುತ್ತದೆ. ಅಷ್ಟು ಅಗಲವಿಲ್ಲದ ಕಡೆ ಫುಟ್‌ಪಾತನ್ನು ಇನ್ನಷ್ಟು ಕಿತ್ತುಕೊಳ್ಳಬೇಡಿ, ರಸ್ತೆಯ ಪಾರ್ಕಿಂಗ್ ಪಟ್ಟಿಯಿಂದಲೇ ಜಾಗ ತೆಗೆಯಿರಿ. ಮಳೆಮರದ ಕೊಂಬೆ, ತೆಂಗಿನ ಮರದ ಕೆಳಗೆ ಬೇಡ. ತುಂಗೆಯ ನೀರು 2019ರ ಆಗಸ್ಟಿನಲ್ಲಿ ನುಗ್ಗಿದ ತಗ್ಗು ಬಡಾವಣೆಗಳಲ್ಲಿ ನೀರು ನಿಂತ ಗುರುತಿಗಿಂತ ಮೇಲಿನ ಜಾಗ ಹುಡುಕಿ, ಅದು ಸಿಗದಿದ್ದರೆ ಪಕ್ಕದ ಎತ್ತರದ ಬೀದಿಗೆ ಹೋಗಿ. ಬೀದಿ ವ್ಯಾಪಾರಿಗಳು ಕೂರುವ ಜಾಗವಾದರೆ 2014ರ ಕಾಯ್ದೆಯ ಪ್ರಕಾರ ರಚನೆಯಾದ ಪಟ್ಟಣ ವ್ಯಾಪಾರ ಸಮಿತಿಯ ಮುಂದೆ ಮೊದಲೇ ವಿಷಯ ಇಡಿ. ಎಬ್ಬಿಸಿ ಚಾರ್ಜರ್ ಹಾಕಿದ ಜಾಗದಲ್ಲಿ ನೆಮ್ಮದಿ ಇರುವುದಿಲ್ಲ, ಅದು ನ್ಯಾಯವೂ ಅಲ್ಲ.

ರಸ್ತೆ ಯಾರದ್ದು ಎಂದೂ ನೋಡಿಕೊಳ್ಳಬೇಕು. ಬಿ.ಎಚ್. ರಸ್ತೆಯಂಥ ಹೆದ್ದಾರಿ ಭಾಗಗಳಲ್ಲಿ, ಸಣ್ಣ ಊರುಗಳ ಮುಖ್ಯಬೀದಿಗಳಲ್ಲಿ ಹೆದ್ದಾರಿ ವಿಭಾಗ ಅಥವಾ ಲೋಕೋಪಯೋಗಿ ಇಲಾಖೆಯ ಒಪ್ಪಿಗೆ ಬೇಕಾಗುತ್ತದೆ. ಪಾರ್ಕಿಂಗ್ ಜಾಗವನ್ನು ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್ ಅಡಿ ಗೊತ್ತುಪಡಿಸದಿದ್ದರೆ ಅಲ್ಲಿ ನಿಂತ ಪೆಟ್ರೋಲ್ ಗಾಡಿಯನ್ನು ಪೊಲೀಸರು ತೆಗೆಸಲಾರರು, ಬಣ್ಣದ ಗೆರೆ ಬರೀ ಬಣ್ಣವಾಗಿ ಉಳಿಯುತ್ತದೆ.

ಪಾಯಿಂಟ್ ನಡೆಸುವ ಕಂಪನಿಯ ಜತೆಗಿನ ಕರಾರಿನಲ್ಲಿ ನಮ್ಮ ಗಟ್ಟಿ ಅಭಿಪ್ರಾಯ ಒಂದಿದೆ: ಡಕ್ಟ್, ಪಾಯ, ಮೀಟರ್ ಪೆಟ್ಟಿಗೆ, ಆರ್.ಆರ್. ನಂಬರ್ ಎಲ್ಲವೂ ಸ್ಥಳೀಯ ಸಂಸ್ಥೆಯ ಹೆಸರಿನಲ್ಲಿರಲಿ, ಚಾರ್ಜರ್ ಮಾತ್ರ ಕಂಪನಿಯದ್ದಾಗಿರಲಿ. ಕಂಪನಿ ಬಾಗಿಲು ಹಾಕಿದರೆ ಬಾಕಿ ಬಿಲ್ಲು ಅದರ ಹೆಸರಿನ ನಂಬರಿಗೆ ಅಂಟಿಕೊಂಡು, ಅದೇ ಜಾಗಕ್ಕೆ ಹೊಸ ಸಂಪರ್ಕ ಪಡೆಯುವುದು ತಿಂಗಳುಗಟ್ಟಲೆ ಎಳೆಯುತ್ತದೆ. ಬಿಲ್ಲಿನ ಹಣ ಪಾಲಿಕೆಗೆ ಹೊರೆಯಾಗದಂತೆ ಮೂರು ತಿಂಗಳ ಠೇವಣಿ ಇಟ್ಟುಕೊಂಡರಾಯಿತು. ಚಾರ್ಜಿಂಗ್ ಎಂಬುದು ವಿದ್ಯುತ್ ಮಾರಾಟವಲ್ಲ, ಸೇವೆ ಎಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲೇ ಸ್ಪಷ್ಟಪಡಿಸಿರುವುದರಿಂದ ಲೈಸೆನ್ಸಿನ ತೊಡಕಿಲ್ಲ. ಸರ್ಕಾರಿ ಜಾಗಕ್ಕೆ ಯೂನಿಟ್‌ಗೆ 1 ರೂಪಾಯಿ ಪಾಲು ಎಂಬ ಮಾದರಿಯನ್ನು ಕೇಂದ್ರದ 2022ರ ಮಾರ್ಗಸೂಚಿ ಕೊಟ್ಟಿತ್ತು. ಸ್ಕೂಟರ್ ಪಾಯಿಂಟುಗಳಿಂದ ಇದರಲ್ಲಿ ದೊಡ್ಡ ಆದಾಯ ನಿರೀಕ್ಷಿಸಬೇಡಿ. ದಿನಕ್ಕೆ 40 ಯೂನಿಟ್ ಹೋದರೆ ತಿಂಗಳಿಗೆ 1,200 ರೂಪಾಯಿ, ಅಷ್ಟೇ. ಅದರ ಬದಲು ಕೆಟ್ಟ ಪಾಯಿಂಟನ್ನು 48 ಗಂಟೆಯೊಳಗೆ ಸರಿಪಡಿಸುವ ಷರತ್ತು, ತಪ್ಪಿದರೆ ದಿನದ ದಂಡ, ಯು.ಪಿ.ಐ. ಪಾವತಿ, ಬೇರೆ ಕಂಪನಿಯ ಸಾಫ್ಟ್‌ವೇರಿಗೂ ಹೊಂದುವ ಮುಕ್ತ ಪ್ರೋಟೊಕಾಲ್, ತಿಂಗಳ ಬಳಕೆಯ ಪಟ್ಟಿ, ಇವುಗಳಿಗೆ ಪಟ್ಟು ಹಿಡಿಯಿರಿ. ಕೇಂದ್ರದ ಪಿ.ಎಂ. ಇ-ಡ್ರೈವ್ ಯೋಜನೆಯ 10,900 ಕೋಟಿ ರೂಪಾಯಿಯಲ್ಲಿ 2,000 ಕೋಟಿ ಚಾರ್ಜಿಂಗ್ ಕೇಂದ್ರಗಳಿಗೆ ಮೀಸಲಾಗಿದೆ. ಜಾಗದ ಪಟ್ಟಿ, ಲೋಡಿನ ಅಳತೆ, ಡಕ್ಟ್ ನಕ್ಷೆ ಕೈಯಲ್ಲಿರುವ ಊರಿಗೆ ಇಂಥ ಅರ್ಜಿ ಹಾಕುವುದು ಒಂದು ವಾರದ ಕೆಲಸ.

ಕೆಲಸದ ವೇಳಾಪಟ್ಟಿಯನ್ನು ಇಲ್ಲಿ ಮಳೆಯೇ ಬರೆಯುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಟಿ.ಸಿ. ಮತ್ತು ನೆಲದ ಅಳತೆ. ಮಳೆಗಾಲದಲ್ಲಿ ಎಸ್ಟಿಮೇಟ್, ಟೆಂಡರ್, ಮೆಸ್ಕಾಂ ಅರ್ಜಿ, ವಿದ್ಯುತ್ ಪರಿವೀಕ್ಷಣಾಲಯದ ಕಾಗದಪತ್ರ. ದೀಪಾವಳಿ ಕಳೆದ ಮೇಲೆ ಅಗೆತ, ಫೆಬ್ರುವರಿಯೊಳಗೆ ಚಾಲನೆ. ಮೇ ಕೊನೆಗೆ ಅಗೆದ ಗುಂಡಿ ಅಕ್ಟೋಬರ್ ತನಕ ಕೆಸರುಹೊಂಡವಾಗಿ ಉಳಿಯುತ್ತದೆ.

ಚಾಲನೆಯಾದ ಮೇಲೆ ತಿಂಗಳಿಗೊಮ್ಮೆ ಆರ್.ಸಿ.ಡಿ.ಯ ಟೆಸ್ಟ್ ಗುಂಡಿ ಒತ್ತಿ ನೋಡಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ. ಒತ್ತಿದವರ ಸಹಿ, ದಿನಾಂಕ ಪೆಟ್ಟಿಗೆಯ ಒಳಬಾಗಿಲಿನ ಕಾರ್ಡಿನ ಮೇಲೆ ಇರಲಿ. ಪ್ರತಿ ಪಾಯಿಂಟಿಗೂ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಒಂದು ಸಂಖ್ಯೆ ಬರೆಸಿ. ಅದರ ಕೆಳಗೆ ನಡೆಸುವವರ ಫೋನ್, ಪಾಲಿಕೆಯ ಫೋನ್ ಮತ್ತು ಮೆಸ್ಕಾಂನ 1912.