ಎನ್‌ಲಾರ್ಜರ್‌ಗೆ ಯಾವ ಬಲ್ಬ್? ಕೊಡಗಿನ ಕರೆಂಟನ್ನೂ ಮಳೆಯನ್ನೂ ನೋಡಿ ಹೇಳಬೇಕು

ಕೊಡಗಿನಲ್ಲಿ ಎನ್‌ಲಾರ್ಜರ್‌ಗೆ (ಫಿಲ್ಮ್ ನೆಗೆಟಿವಿನ ಚಿತ್ರವನ್ನು ಫೋಟೋ ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ) ಬಲ್ಬ್ ಆರಿಸುವ ಮೊದಲು ನೋಡಬೇಕಾದ್ದು ವಾಟ್ ಅಲ್ಲ, ಮನೆಯ ವೋಲ್ಟೇಜು. ಫೆಬ್ರವರಿ-ಮಾರ್ಚ್‌ನಲ್ಲಿ ಕಾಫಿ ಹೂವಿಗೆಂದು ಸುತ್ತಲಿನ ತೋಟಗಳಲ್ಲಿ ಸ್ಪ್ರಿಂಕ್ಲರ್ ಮೋಟರ್‌ಗಳು ಶುರುವಾದರೆ 230 ಇರಬೇಕಾದ್ದು 207ಕ್ಕೆ ಇಳಿದರೂ ಆಶ್ಚರ್ಯವಿಲ್ಲ. ವೋಲ್ಟೇಜ್ ಇಳಿದದ್ದು ಶೇ. 10, ಫಿಲಮೆಂಟ್ ಬಲ್ಬಿನ ಬೆಳಕು ಇಳಿಯುವುದು ಶೇ. 30ರಷ್ಟು. ಬೆಳಗ್ಗೆ 10 ಸೆಕೆಂಡಿಗೆ ಸರಿಯಾಗಿದ್ದ ಪ್ರಿಂಟಿಗೆ ಸಂಜೆ 14 ಬೇಕು. ಜೊತೆಗೆ ಬೆಳಕು ಹಳದಿಗೆ ತಿರುಗುತ್ತದೆ. ಬೆಳಕಿನ ಬಣ್ಣಕ್ಕೆ ತಕ್ಕಂತೆ ಕಾಂಟ್ರಾಸ್ಟ್ ಬದಲಾಗುವ ಮಲ್ಟಿಗ್ರೇಡ್ ಕಾಗದದಲ್ಲಿ ನೀಲಿ ಕಡಿಮೆಯಾದಷ್ಟೂ ಕಾಂಟ್ರಾಸ್ಟ್ ಸಪ್ಪೆ.

ಹಾಗಾಗಿ 75 ಅಥವಾ 150 ವಾಟಿನ ಹಾಲುಬಿಳಿ ಎನ್‌ಲಾರ್ಜರ್ ಬಲ್ಬ್ ಸಿಕ್ಕಿದರೂ ಸ್ಟೆಬಿಲೈಜರ್ ಇಲ್ಲದೆ ಅದನ್ನು ನಂಬಬೇಡಿ. ವೋಲ್ಟೇಜನ್ನು ಮೋಟರಿನಿಂದ ನಯವಾಗಿ ಸರಿಹೊಂದಿಸುವ ಸರ್ವೋ ಮಾದರಿಯದ್ದೇ ಆಗಲಿ. ರಿಲೇ ಇರುವುದು ಎಕ್ಸ್‌ಪೋಷರ್ (ಕಾಗದಕ್ಕೆ ಬೆಳಕು ಕೊಡುವ ಹೊತ್ತು) ನಡುವೆಯೇ ಟಿಕ್ ಎಂದು ಹಂತ ಬದಲಿಸಿ ಕಾಗದ ಕೆಡಿಸುತ್ತದೆ. ಅಂಗಡಿಯ ಪಾರದರ್ಶಕ ಬಲ್ಬಂತೂ ಬೇಡವೇ ಬೇಡ, ಬೆಳಕನ್ನು ನೆಗೆಟಿವಿನ ಮೇಲೆ ಕೂಡಿಸುವ ಗಾಜಾದ ಕಂಡೆನ್ಸರ್ ಮೂಲಕ ಫಿಲಮೆಂಟಿನ ಗುರುತೇ ಪ್ರಿಂಟಿಗೆ ಇಳಿದೀತು. ತುದಿಯಲ್ಲಿ ವಾಟ್ ಅಚ್ಚಾಗಿರುವ ಮನೆಬಲ್ಬಿನದ್ದೂ ಇದೇ ಕಥೆ. ಸಿಎಫ್‌ಎಲ್ ಬಿಸಿಯಾಗುವವರೆಗೆ ಬೆಳಕು ಏರುತ್ತಲೇ ಇರುತ್ತದೆ, ಅದನ್ನು ಮರೆತುಬಿಡಿ.

ನನ್ನ ಮತ ಎಲ್‌ಇಡಿಗೆ. 9 ವಾಟಿನ, ಮಂಜುಬಿಳಿ ಗುಮ್ಮಟದ ಬಲ್ಬ್ 35 ಎಂಎಂ ನೆಗೆಟಿವಿಗೆ ಸಾಕು. ಒಳಗಿನ ಡ್ರೈವರ್ ಒಳ್ಳೆಯದಿದ್ದರೆ ವೋಲ್ಟೇಜ್ ಇಳಿದರೂ ಬೆಳಕು ಕದಲದು, ಅಗ್ಗದವು ಕದಲುತ್ತವೆ. ಸ್ವಿಚ್ ಹಾಕಿದ ಮೇಲೆ ಹೊತ್ತಿಕೊಳ್ಳಲು ಕೆಲವು ಅರ್ಧ ಸೆಕೆಂಡ್ ತಡ ಮಾಡುತ್ತವೆ. ಮೂರು ಸೆಕೆಂಡಿನ ಎಕ್ಸ್‌ಪೋಷರ್‌ನಲ್ಲಿ ಅದು ದೊಡ್ಡ ತಪ್ಪು, ಹದಿನೈದರಲ್ಲಿ ಲೆಕ್ಕಕ್ಕಿಲ್ಲ. ಲೆನ್ಸಿನ ತೆರಪನ್ನು ಎಫ್/8ಕ್ಕೋ ಎಫ್/11ಕ್ಕೋ ಕಿರಿದು ಮಾಡಿ ಸಮಯ ಉದ್ದ ಮಾಡಿಕೊಳ್ಳಿ. ಕಾಂಟ್ರಾಸ್ಟ್ ಫಿಲ್ಟರ್ ಮೇಲೆ ಬರೆದ ಗ್ರೇಡನ್ನು (ಕಾಂಟ್ರಾಸ್ಟಿನ ಮಟ್ಟ) ಮಾತ್ರ ಹಾಗೇ ಒಪ್ಪಬೇಡಿ. ಬಿಳಿ ಎಲ್‌ಇಡಿಯಲ್ಲಿ ನೀಲಿ-ಹಸಿರಿನ ಹದವೇ ಬೇರೆ, ಒಂದೊಂದು ಫಿಲ್ಟರಿಗೂ ಟೆಸ್ಟ್ ಸ್ಟ್ರಿಪ್ (ಕಾಗದದ ಪಟ್ಟಿಯಲ್ಲಿ ಪರೀಕ್ಷೆಯ ಪ್ರಿಂಟ್) ತೆಗೆಯಲೇಬೇಕು.

ಹೋಲ್ಡರ್ ನೋಡಿಕೊಳ್ಳಿ. ಎನ್‌ಲಾರ್ಜರ್‌ನಲ್ಲಿ ಹೆಚ್ಚಾಗಿ ತಿರುಪಿನ ಇ27, ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಪಿನ್ನಿನ ಬಿ22. ಅಡಾಪ್ಟರ್ ಹಾಕಿದರೆ ಬಲ್ಬ್ ಕೆಳಗಿಳಿದು ನಡುವೆ ಬೆಳಕು, ಮೂಲೆಗಳಲ್ಲಿ ಮಬ್ಬು ಆಗಬಹುದು. ನೆಗೆಟಿವ್ ತೆಗೆದು, 8×10 ಇಂಚಿನ ಪ್ರಿಂಟಿಗೆ ಬೇಕಾದ ಎತ್ತರದಲ್ಲಿ, ಕಾಗದ ತಿಳಿಬೂದು ಬರುವಷ್ಟೇ ಬೆಳಕು ಕೊಟ್ಟು ಡೆವಲಪ್ ಮಾಡಿ. ಕಣ್ಣಿಗೆ ಕಾಣದ ವ್ಯತ್ಯಾಸ ಆ ಬೂದಿನಲ್ಲಿ ಎದ್ದು ಕಾಣುತ್ತದೆ. ನಡುವೆ ಕಪ್ಪಾಗಿದ್ದರೆ ಬಲ್ಬನ್ನು 5 ಮಿಲಿಮೀಟರ್ ಸರಿಸಿ, ಮತ್ತೊಂದು ಹಾಳೆ ತೆಗೆಯಿರಿ. ಆದರೂ ಸರಿಹೋಗದಿದ್ದರೆ ಕಂಡೆನ್ಸರ್ ಮೇಲೆ 3 ಮಿಲಿಮೀಟರ್ ಹಾಲುಬಿಳಿ ಅಕ್ರಿಲಿಕ್ ಹಾಳೆ. ಸಮಯ ಹೆಚ್ಚು ಬೇಕಾಗುತ್ತದೆ, ಕಾಂಟ್ರಾಸ್ಟ್ ತುಸು ಇಳಿಯುತ್ತದೆ. ನೆಗೆಟಿವಿನ ಗೀರು, ಧೂಳು ಕೂಡ ಕಡಿಮೆ ಕಾಣುತ್ತದೆ.

ಎಲ್‌ಇಡಿಗೆ ಇಲ್ಲಿ ಒಂದು ಕೊರತೆ ಇದೆ. ಹಳೆಯ ಬಲ್ಬಿನ ಕಾವು ಲ್ಯಾಂಪ್‌ಹೌಸನ್ನು (ಬಲ್ಬ್ ಕೂರುವ ಗೂಡು) ಒಣಗಿಸುತ್ತಿತ್ತು, ಇದು ತಣ್ಣಗೇ ಇರುತ್ತದೆ. ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ಮಳೆಯಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಲ್ಲಿ ಕಂಡೆನ್ಸರ್ ಗಾಜನ್ನು ಬೂಷ್ಟು ಬಿಟ್ಟೀತೇ? ಜೂನ್ ಬರುವ ಮೊದಲೇ ಕಂಡೆನ್ಸರ್, ಲೆನ್ಸ್ ಎರಡನ್ನೂ ಬಿಚ್ಚಿ ಸಿಲಿಕಾ ಜೆಲ್ ಜೊತೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ, ಕೆಲಸವಿದ್ದ ದಿನ ಮಾತ್ರ ಹೊರಗೆ ತೆಗೆಯಿರಿ.