ರಕೂನ್‌ಗೆ ಕೋವಿಡ್ ಕೊಟ್ಟವರು ಯಾರು?

ಸೊರಬದ ಕಡೆಯವರಾದ ನಮಗೆ ಮಂಗನ ಕಾಯಿಲೆ ಗೊತ್ತು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಉಣುಗು ಕಚ್ಚಿ ಜನರಿಗೂ ಬಂತು. ಹಾಗಾಗಿ ರೋಗ ಅಂದರೆ ಕಾಡಿನಿಂದ ಊರಿಗೆ ಬರುವುದು ಅಂತಲೇ ನಮ್ಮ ತಲೆಯಲ್ಲಿ ಕೂತಿದೆ. ನಾನೀಗಿರುವ ಅಮೆರಿಕದ ವರ್ಜೀನಿಯಾದಲ್ಲಿ ಕೋವಿಡ್ ಊರಿನಿಂದ ಕಾಡಿಗೆ ಹೋಗಿದೆ.

ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು ಇಲ್ಲಿನ 23 ಜಾತಿಯ ಪ್ರಾಣಿಗಳನ್ನು ಪರೀಕ್ಷೆ ಮಾಡಿ 2024ರಲ್ಲಿ ವರದಿ ಪ್ರಕಟಿಸಿದರು. ರಕೂನ್ (ಕಣ್ಣ ಸುತ್ತ ಕಪ್ಪು ಪಟ್ಟೆ ಇರುವ ಪ್ರಾಣಿ), ಒಪೋಸಮ್ (ಹೊಟ್ಟೆಚೀಲದಲ್ಲಿ ಮರಿ ಸಾಕುವ ಪ್ರಾಣಿ), ಕಾಡುಮೊಲ, ಇಲಿ, ಗ್ರೌಂಡ್‌ಹಾಗ್ (ಬಿಲ ತೋಡುವ ದೊಡ್ಡ ಅಳಿಲಿನಂಥದ್ದು), ಬಾವಲಿ, ಹೀಗೆ ಆರು ಜಾತಿಗಳಲ್ಲಿ ಕೋವಿಡ್ ವೈರಸ್ ಸಿಕ್ಕಿತು. ಆಗ ಜನರಲ್ಲಿ ಹರಡುತ್ತಿದ್ದ ತಳಿಗಳಿಗೇ ಅವು ಹೊಂದಿಕೆಯಾಗುತ್ತಿದ್ದವು. ಜನ ಜಾಸ್ತಿ ಓಡಾಡುವ ಟ್ರೇಲ್‌ಗಳ (ಕಾಡಿನ ಕಾಲುದಾರಿಗಳ) ಹತ್ತಿರದ ಪ್ರಾಣಿಗಳ ರಕ್ತದಲ್ಲಿ ಸೋಂಕು ತಗುಲಿದ ಗುರುತು, ಜನ ಕಮ್ಮಿ ಓಡಾಡುವ ಕಡೆಗಿಂತ ಮೂರು ಪಟ್ಟು!

ರಾತ್ರಿ ಹೊತ್ತು ಓಡಾಡುವ ರಕೂನ್ ಹತ್ತಿರ ಯಾರು ಹೋಗಿ ಕೆಮ್ಮುತ್ತಾರೆ? ಇನ್ನುಳಿದದ್ದು ಕಸದ ಡಬ್ಬ, ಅರ್ಧ ಕಚ್ಚಿ ಎಸೆದ ಸ್ಯಾಂಡ್‌ವಿಚ್, ಚರಂಡಿ ನೀರು. ದಾರಿ ಇದೇ ಅಂತ ಇನ್ನೂ ಸಾಬೀತಾಗಿಲ್ಲ, ಆದರೆ ವಿಜ್ಞಾನಿಗಳ ಅನುಮಾನ ಇವುಗಳ ಮೇಲೇ.

ಊರಿಂದ ಬಂದಿದ್ದ ಅಮ್ಮ ಮಿಕ್ಕ ಅನ್ನವನ್ನು ಜಿಂಕೆಗಳಿಗೆಂದು ಬೇಲಿ ಪಕ್ಕ ಇಡುತ್ತಿದ್ದಳು. "ಎಂಜಲು ಯಾರಿಗೂ ಕೊಡಬಾರದು ಅಂತ ನೀನೇ ಹೇಳ್ತಿದ್ದೆ ಅಲ್ವಾ ಅಮ್ಮಾ?" ಅಂದೆ. "ಅದು ಮನುಷ್ಯರಿಗೆ ಕಣೇ. ಕೊಟ್ಟಿಗೆಗೆ ಹಾಕ್ತಿರಲಿಲ್ವಾ?" ಅಂದಳು. ಆಗ ಇಲ್ಲಿನದೇ ಇನ್ನೊಂದು ರಾಜ್ಯ ಅಯೋವಾದ ಕಥೆ ಹೇಳಿದೆ. 2020ರ ಏಪ್ರಿಲ್‌ನಿಂದ 2021ರ ಜನವರಿವರೆಗೆ ಅಲ್ಲಿ ಪರೀಕ್ಷಿಸಿದ 283 ಜಿಂಕೆಗಳಲ್ಲಿ 94ಕ್ಕೆ ಕೋವಿಡ್ ಇತ್ತು. ಅನ್ನದ ರಾಶಿಗೆ ನಾಲ್ಕು ಜಿಂಕೆ ಮೂತಿ ಹಾಕಿದರೆ ಒಂದರದ್ದು ಇನ್ನೊಂದಕ್ಕೆ ಬರೋದು ಸುಲಭ. ಅಮ್ಮ ಅವತ್ತಿಂದ ಇಡೋದು ಬಿಟ್ಟಳು.

ಜಿಂಕೆಗಳಿಗೆ ಕೋವಿಡ್‌ನಿಂದ ಅಷ್ಟೇನೂ ತೊಂದರೆ ಆದಂತಿಲ್ಲ. ಆದರೆ ಎಲ್ಲ ಪ್ರಾಣಿಗಳಿಗೂ ಆ ಅದೃಷ್ಟ ಇರುವುದಿಲ್ಲ. ಉಗಾಂಡಾದ ಕಿಬಾಲೆ ಕಾಡಿನಲ್ಲಿ 2013ರಲ್ಲಿ 56 ಚಿಂಪಾಂಜಿಗಳ ಒಂದು ಗುಂಪಿನಲ್ಲಿ ಐದು ಸತ್ತವು. ಕಾರಣ ನಮಗೆ ನೆಗಡಿ ತರುವ ರೈನೋವೈರಸ್. ನಾವು ಬಿಸಿನೀರು ಕುಡಿದು ಮರೆತುಬಿಡುವ ನೆಗಡಿ! ಇದನ್ನು ಓದಿದಾಗ ನನಗೆ ತುಂಬಾ ಸಂಕಟವಾಯಿತು.

ನಮ್ಮ ಟ್ರೇಲ್ ಶುರುವಾಗುವ ಕಡೆ ಇರುವ ಕಸದ ಡಬ್ಬಕ್ಕೆ ಮುಚ್ಚಳವೇ ಇಲ್ಲ. ಪ್ರಾಣಿಗಳು ತೆರೆಯಲಾಗದಂಥ ಡಬ್ಬ ಹಾಕಿ ಅಂತ ಸಂಬಂಧಪಟ್ಟವರಿಗೆ ಬರೆದಿದ್ದೇನೆ. ಈ ಕಡೆ ಇರುವ ನೀವೂ ಒಂದೆರಡು ಸಾಲು ಬರೆಯಿರಿ, ಹೆಚ್ಚು ಜನ ಕೇಳಿದರೆ ಬೇಗ ಆಗಬಹುದು.