ಮೂರು ಪ್ಯಾಡಲ್, ಒಂದು ಗಾಜಿನ ಎಳೆ

ಏಪ್ರಿಲ್‌ನ ಒಂದು ಮಧ್ಯಾಹ್ನ, ತುಮಕೂರಿನ ನಮ್ಮ ಕಾಲೇಜಿನ ಲ್ಯಾಬ್. ಫೈನಲ್ ಇಯರ್ ಮಕ್ಕಳ ಪ್ರಾಜೆಕ್ಟ್ ನಡೆಯುತ್ತಿತ್ತು. 1550 ನ್ಯಾನೋಮೀಟರ್‌ನ ಲೇಸರ್, ಬೆಳಕು ಸಾಗಿಸುವ ಗಾಜಿನ ಎಳೆಯಾದ ಫೈಬರ್ ಒಂದಷ್ಟು, ಕೊನೆಗೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಪೋಲರೈಸರ್, ಅದರಾಚೆ ಬೆಳಕು ಎಷ್ಟಿದೆ ಎಂದು ಅಳೆಯುವ ಪವರ್ ಮೀಟರ್.

"ಮೇಡಂ, ಯಾರೂ ಏನೂ ಮುಟ್ಟಿಲ್ಲ. ಆದ್ರೂ ರೀಡಿಂಗ್ ನಿಲ್ತಾನೇ ಇಲ್ಲ" ಎಂದು ಒಬ್ಬಳು ಕರೆದಳು.

ಪೋಲರೈಸರ್ ತೆಗೆಸಿದೆ. ರೀಡಿಂಗ್ ನಿಂತಿತು. ಅಂದರೆ ಬೆಳಕು ಕಡಿಮೆಯಾಗುತ್ತಿಲ್ಲ, ಅದು ಕಂಪಿಸುವ ರೀತಿ ಬದಲಾಗುತ್ತಿದೆ. ಮೇಜಿನಿಂದ ಇಳಿಬಿದ್ದ ಫೈಬರ್ ಫ್ಯಾನ್ ಗಾಳಿಗೆ ಅಲ್ಲಾಡುತ್ತಿತ್ತು, ಅಷ್ಟು ಸಾಕು. ಗಾಜಿನ ಎಳೆಯ ದಪ್ಪ 0.125 ಮಿಲಿಮೀಟರ್. ಬಗ್ಗಿದಾಗ ಅದರೊಳಗೆ ಒತ್ತಡ ಹುಟ್ಟುತ್ತದೆ. ಆಗ ಬಾಗಿದ ಕಡೆಗೆ ಕಂಪಿಸುವ ಬೆಳಕಿಗೂ ಅದಕ್ಕೆ ಅಡ್ಡಲಾಗಿ ಕಂಪಿಸುವ ಬೆಳಕಿಗೂ ವೇಗ ಬೇರೆಯಾಗುತ್ತದೆ. ಒಂದು ಕೊಂಚ ಹಿಂದೆ ಬೀಳುತ್ತದೆ.

ಕಾಟ ಕೊಡುವ ಈ ಬಾಗನ್ನೇ ಹತೋಟಿಗೆ ಬಳಸಬಹುದು. ಎಷ್ಟು ಚೆಂದದ ಯೋಚನೆ ಅಲ್ವಾ? 1980ರಲ್ಲಿ ಎರ್ವೆ ಲೆಫೆವ್ರ್ ಎಂಬ ಫ್ರೆಂಚ್ ವಿಜ್ಞಾನಿ ಇದನ್ನು ಬರೆದು ತೋರಿಸಿದರು. ಅತ್ತಿತ್ತ ವಾಲಿಸಬಹುದಾದ ಮೂರು ಬಿಲ್ಲೆಗಳಿಗೆ, ಅಂದರೆ ಪ್ಯಾಡಲ್‌ಗಳಿಗೆ, ಫೈಬರ್ ಸುತ್ತಬೇಕು. ಸುತ್ತಿನ ಅಗಲ ಮತ್ತು ಎಷ್ಟು ಸುತ್ತು ಎಂಬುದನ್ನು ಲೆಕ್ಕ ಹಾಕಿದರೆ ಮೊದಲನೆಯದು ಕಾಲು ಅಲೆ, ನಡುವಿನದು ಅರ್ಧ ಅಲೆ, ಕೊನೆಯದು ಕಾಲು ಅಲೆಯಷ್ಟು ಒಂದು ಕಂಪನವನ್ನು ಇನ್ನೊಂದಕ್ಕಿಂತ ಹಿಂದೆ ಬೀಳಿಸುತ್ತವೆ. ಪ್ಯಾಡಲ್ ವಾಲಿಸಿದರೆ ಬಾಗಿನ ದಿಕ್ಕು ತಿರುಗುತ್ತದೆ, ಅದರೊಂದಿಗೆ ಬೆಳಕು ಕಂಪಿಸುವ ರೀತಿಯೂ ಬದಲಾಗುತ್ತದೆ. ಎಳೆಯನ್ನು ಕತ್ತರಿಸಬೇಕಿಲ್ಲ, ಮಧ್ಯೆ ಲೆನ್ಸ್ ಇಲ್ಲ. ಹಾಗಾಗಿ ಬೆಳಕು ಹೆಚ್ಚುಕಮ್ಮಿ ಪೋಲಾಗುವುದೇ ಇಲ್ಲ.

ಫೈಬರನ್ನು ಮೂರು ಪ್ಯಾಡಲ್‌ಗೆ ಸುತ್ತಿ, ಪೋಲರೈಸರ್ ಮತ್ತೆ ಹಾಕಿದೆವು. ಪ್ಯಾಡಲ್‌ನಿಂದ ಪೋಲರೈಸರ್‌ವರೆಗಿನ ಫೈಬರನ್ನು ಮೇಜಿಗೆ ಟೇಪ್ ಹಾಕಿ ಕೂರಿಸಿದೆವು. ಇದನ್ನು ಮಾಡದಿದ್ದರೆ ಉಳಿದ ಕೆಲಸವೆಲ್ಲ ದಂಡ. ಆಮೇಲೆ ಅವಳಿಗೇ ತಿರುಗಿಸಲು ಹೇಳಿದೆ.

"ಜಾಸ್ತಿ ಬರೋ ಕಡೆಗೆ ತಿರುಗಿಸ್ಲಾ ಮೇಡಂ?"

"ಬೇಡಮ್ಮ, ತೀರ ಕಡಿಮೆ ಆಗೋ ಜಾಗ ಹುಡುಕು."

ಗರಿಷ್ಠದ ಹತ್ತಿರ ರೀಡಿಂಗ್ ಜಗ್ಗುವುದೇ ಇಲ್ಲ. ಕನಿಷ್ಠದ ಹತ್ತಿರ, ಡೆಸಿಬೆಲ್‌ನಲ್ಲಿ ನೋಡಿದರೆ, ಕೂದಲೆಳೆ ಅಲುಗಿದರೂ ಗೊತ್ತಾಗುತ್ತದೆ. ಒಂದೊಂದೇ ಪ್ಯಾಡಲ್ ವಾಲಿಸುತ್ತ, ಮತ್ತೆ ಮೊದಲಿನದಕ್ಕೆ ಬರುತ್ತ ಇಳಿಸಿದಳು. 20 ಡೆಸಿಬೆಲ್ ಇಳಿದಾಗ, ಅಂದರೆ ಬೆಳಕು ನೂರರಲ್ಲೊಂದು ಪಾಲಾದಾಗ, ಸುತ್ತ ನಿಂತವರೆಲ್ಲ ಮಾತು ನಿಲ್ಲಿಸಿದ್ದರು. ಅವಳು ಇನ್ನೂ ಇಳಿಸಿದಳು.

ಬಿಸಿಲೇರಿದಂತೆ ರೀಡಿಂಗ್ ಮೆಲ್ಲಗೆ ಜಾರಿತು. ಬಿಸಿಗೂ ಫೈಬರ್ ಹೀಗೇ ಮಾಡುತ್ತದೆ. ಆಗಾಗ ಕೈಯಾಡಿಸಬೇಕು.

"ಪಿಎಂ ಫೈಬರ್ ಹಾಕಿದ್ರೆ ಇದೆಲ್ಲ ಬೇಡ್ವಲ್ಲ ಮೇಡಂ?" ಎಂದ ಇನ್ನೊಬ್ಬ. ಪಿಎಂ ಅಂದರೆ ಬೆಳಕು ಕಂಪಿಸುವ ದಿಕ್ಕನ್ನು ಕಾಪಾಡುವ ಫೈಬರ್. ಅದನ್ನು ತಯಾರಿಸುವಾಗಲೇ ಒಳಗೆ ಒತ್ತಡ ಕೂರಿಸಿರುತ್ತಾರೆ, ನಿಜ. ಆದರೆ ಅದರ ಅಕ್ಷಕ್ಕೆ ಸರಿಯಾಗಿ ಬೆಳಕು ಒಳಗೆ ಹೋದರೆ ಮಾತ್ರ ಅದು ಕಾಪಾಡುತ್ತದೆ. ಹಾಗೆ ಕಳಿಸುವುದಕ್ಕೂ ಅದರ ಮುಂದೆ ಇದೇ ಮೂರು ಪ್ಯಾಡಲ್ ಇಡಬಹುದು ಎಂದೆ. ಅವನೂ ಕುರ್ಚಿ ಎಳೆದುಕೊಂಡು ಕೂತ.